ಬಾದ್‌ಷಾನನ್ನು ಬಿಟ್ಟು ಬಂದ ಮೇಲೆ

ಊರು ಬಿಟ್ಟು ಊರಿಗೆ ಹೋಗುವವರ ಮನೆಯಲ್ಲಿ ಸಾಕುಪ್ರಾಣಿಗೂ ಒಂದು ಪಾಲು ಇರುತ್ತದೆ. ಒಮ್ಮೆ ಬಿಟ್ಟು ಬಂದವರು ಮತ್ತೆ ಸಾಕಬಹುದೇ? ಸಾಕುವುದಾದರೆ ಎಲ್ಲಿಂದ ಪ್ರಾರಂಭಿಸಬೇಕು? ಗಡ್ಡದ ಡ್ರ್ಯಾಗನ್ ಎಂಬ ಹಲ್ಲಿಯನ್ನು ಎರಡು ದೇಶಗಳಲ್ಲಿ ಸಾಕಿದ ಒಬ್ಬ ತಾಯಿಯ ಅನುಭವ ಇಲ್ಲಿದೆ.

ನಾವು ಇಂಗ್ಲೆಂಡ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಾಗ ಮನೆಯ ಸಾಮಾನುಗಳನ್ನೆಲ್ಲ ಮೂರು ರಾಶಿ ಮಾಡಿದ್ದೆವು. ಕೊಂಡೊಯ್ಯುವುದು, ಮಾರುವುದು, ದಾನ ಕೊಡುವುದು. ಹದಿಮೂರರ ಮಗ ತನ್ನ ಕೋಣೆಯಿಂದ ಬಂದು ಕೇಳಿದ: “ಉಮ್ಮಾ, ಬಾದ್‌ಷಾ ಯಾವ ರಾಶಿಯಲ್ಲಿದ್ದಾನೆ?”

ನನ್ನಲ್ಲಿ ಉತ್ತರವಿರಲಿಲ್ಲ.

ಬಾದ್‌ಷಾ ನಮ್ಮ ಮನೆಯ ಹಲ್ಲಿಯ ಹೆಸರು. ಹಲ್ಲಿ ಎಂದರೆ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯಲ್ಲ. ಮೂಗಿನಿಂದ ಬಾಲದ ತುದಿಯವರೆಗೆ ಹೆಚ್ಚುಕಡಿಮೆ ಅರ್ಧ ಮೀಟರ್ ಉದ್ದ, ಮರಳಿನ ಬಣ್ಣ, ಕೆನ್ನೆಯಿಂದ ಕುತ್ತಿಗೆಯವರೆಗೆ ಮುಳ್ಳು ಮುಳ್ಳಾದ ಚರ್ಮ. ಕೋಪ ಬಂದರೂ ಹೆದರಿದರೂ ಗಂಟಲಿನ ಚರ್ಮವನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಆಗ ಗಡ್ಡ ಬಿಟ್ಟ ಮುದುಕನಂತೆ ಕಾಣುತ್ತದೆ. ಗಡ್ಡದ ಡ್ರ್ಯಾಗನ್ ಎಂಬ ಹೆಸರು ಬಂದದ್ದು ಹಾಗೆ. ಕಲ್ಲಿನ ಮೇಲೆ ತಲೆಯೆತ್ತಿ ಕುಳಿತುಕೊಳ್ಳುವ ಠೀವಿ ನೋಡಿ ಮಕ್ಕಳು ಬಾದ್‌ಷಾ ಎಂದರು.

ಊರಿನಲ್ಲಿದ್ದ ಅತ್ತೆಗೆ ಫೋನಿನಲ್ಲಿ ಅವನ ಫೋಟೋ ತೋರಿಸಿದಾಗ, “ಬೇಲಿ ಮೇಲಿರುವ ಓತಿಕ್ಯಾತವನ್ನು ಮನೆಯೊಳಗೆ ತಂದು ಸಾಕುತ್ತೀರಾ? ನಿಮಗೆ ಬೇರೆ ಕೆಲಸವಿಲ್ಲವಾ?” ಎಂದಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ.

ಓತಿಕ್ಯಾತನ ದೂರದ ನೆಂಟ

ನಮ್ಮ ಬೇಲಿಯ ಓತಿಕ್ಯಾತ ಮತ್ತು ಗಡ್ಡದ ಡ್ರ್ಯಾಗನ್ ಒಂದೇ ಕುಟುಂಬದ ಜೀವಿಗಳು. ಪ್ರಾಣಿಶಾಸ್ತ್ರದಲ್ಲಿ ಆ ಕುಟುಂಬಕ್ಕೆ ಅಗಾಮಿಡೆ ಎಂದು ಹೆಸರು. ಎರಡೂ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತವೆ. ಎರಡೂ ಬಿಸಿಲು ಕಾಯುತ್ತವೆ. ಎರಡೂ ಬಣ್ಣ ಸ್ವಲ್ಪ ಬದಲಿಸುತ್ತವೆ. ಓತಿಕ್ಯಾತ ತಲೆಯಾಡಿಸಿದರೆ ತಮ್ಮನ್ನು ಅಣಕಿಸುತ್ತಿದೆ ಎಂದು ಕಲ್ಲೆಸೆಯುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಸಣ್ಣವಳಿದ್ದಾಗ ನಾನೂ ಎಸೆದಿದ್ದೇನೆ. ಅದು ಅಣಕವಲ್ಲ, ಇದು ನನ್ನ ಜಾಗ ಎಂದು ಇನ್ನೊಂದು ಓತಿಗೆ ಹೇಳುವ ರೀತಿ ಎಂದು ತಿಳಿದದ್ದು ನಲವತ್ತರ ಹತ್ತಿರ ಬಂದ ಮೇಲೆ, ಮಗನ ಪುಸ್ತಕದಿಂದ.

ಗಡ್ಡದ ಡ್ರ್ಯಾಗನ್‌ನ ತವರು ಆಸ್ಟ್ರೇಲಿಯಾ. ಸಾಕುಪ್ರಾಣಿಯಾಗಿ ಜಗತ್ತಿನ ಮನೆಗಳಲ್ಲಿರುವುದು ಹೆಚ್ಚಾಗಿ ಮಧ್ಯ ಆಸ್ಟ್ರೇಲಿಯಾದ ತಳಿ. ಆ ದೇಶದ ಒಳನಾಡಿನ ಕುರುಚಲು ಕಾಡು, ಒಣ ಬಯಲು, ಕೆಂಪು ಮಣ್ಣಿನ ನಾಡು ಅದರ ಮನೆ. ಬೇಲಿಗೂಟದ ಮೇಲೆ, ಒಣಗಿದ ಮರದ ಕೊಂಬೆಯ ಮೇಲೆ ಬಿಸಿಲು ಕಾಯುತ್ತಾ ಕುಳಿತಿರುತ್ತದೆ. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

ಆಸ್ಟ್ರೇಲಿಯಾ 1960ರ ದಶಕದಿಂದಲೇ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕಾಗಿ ಹೊರದೇಶಗಳಿಗೆ ಕಳುಹಿಸುವುದನ್ನು ನಿಷೇಧಿಸಿದೆ. ಹಾಗಾದರೆ ಇಂಗ್ಲೆಂಡ್, ಅಮೆರಿಕ, ಜರ್ಮನಿಯ ಅಂಗಡಿಗಳಲ್ಲಿ ಇವು ಇಷ್ಟೊಂದು ಬಂದದ್ದು ಹೇಗೆ? ಹೆಚ್ಚಿನವು ಹಿಂದೆ ಕದ್ದು ಸಾಗಿಸಿದ ಕೆಲವು ಹಲ್ಲಿಗಳ ಸಂತತಿ ಎಂದೇ ತಿಳಿದವರು ನಂಬುತ್ತಾರೆ. ಇಂದು ಅಂಗಡಿಯಲ್ಲಿರುವ ಮರಿಗಳು ಮನೆಗಳಲ್ಲಿ, ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಯೊಡೆದು ಬಂದವು. ಅವುಗಳ ಅಜ್ಜ ಮುತ್ತಜ್ಜಂದಿರು ಮಾತ್ರ ಯಾರದೋ ಸೂಟ್‌ಕೇಸಿನಲ್ಲಿ ಉಸಿರುಗಟ್ಟಿ ಬಂದವರು. ನಮ್ಮ ಹಾಗೆ ಅವಕ್ಕೂ ಪರದೇಶದ ಬದುಕು. ನಾವು ನಮ್ಮ ಇಷ್ಟದಿಂದ ಹೋದವರು, ಅವು ಅಲ್ಲ. ವ್ಯತ್ಯಾಸ ಅಷ್ಟೇ.

ಮೊದಲ ಸಲ ಮಾಡಿದ ತಪ್ಪು

ನಾವು ಇಂಗ್ಲೆಂಡಿಗೆ ಹೋದದ್ದು 2017ರಲ್ಲಿ. ಎರಡು ವರ್ಷ ಕಳೆದ ಮೇಲೆ ಮಗನ ಸಹಪಾಠಿಯ ಮನೆಯವರು ತಮ್ಮ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯ ಸಮೇತ ಕೊಟ್ಟುಬಿಟ್ಟರು. ಆ ದೇಶದಲ್ಲಿ ಇದನ್ನು ಸಾಕಲು ಪರವಾನಗಿ ಬೇಡ. ಆದರೆ 2006ರ ಪ್ರಾಣಿ ಕ್ಷೇಮ ಕಾಯ್ದೆಯ ಪ್ರಕಾರ ಸಾಕುವವರು ಪ್ರಾಣಿಯ ಅಗತ್ಯಗಳನ್ನು ಪೂರೈಸಲೇಬೇಕು. ಹದಿನಾರು ವರ್ಷ ತುಂಬದ ಮಕ್ಕಳಿಗೆ ಪ್ರಾಣಿಯನ್ನು ಮಾರುವಂತೆಯೂ ಇಲ್ಲ. ಅಂದರೆ ಹಲ್ಲಿ ಮಗನದು ಎಂದು ನಾವು ಹೇಳಿಕೊಂಡರೂ ಕಾನೂನಿನ ಕಣ್ಣಲ್ಲಿ ಅದು ನಮ್ಮ ಹೊಣೆ. ಈ ಮಾತನ್ನು ನಾನು ಆಗ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಪೆಟ್ಟಿಗೆಯಲ್ಲಿ ಎರಡು ದೀಪಗಳಿದ್ದವು. ಒಂದು ಶಾಖ ಕೊಡುವ ಬಲ್ಬ್. ಇನ್ನೊಂದು ಉದ್ದನೆಯ ಟ್ಯೂಬ್. ಎರಡೂ ಉರಿಯುತ್ತಿದ್ದವು, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಂಡೆ. ಒಂದು ವರ್ಷದ ಮೇಲೆ ಬಾದ್‌ಷಾ ನಡೆಯುವಾಗ ಹೊಟ್ಟೆಯನ್ನು ನೆಲಕ್ಕೆ ಎಳೆಯತೊಡಗಿದ. ಕಾಲುಗಳು ನಡುಗುತ್ತಿದ್ದವು. ಕ್ರಿಕೆಟ್ ಹುಳುವನ್ನು ಹಿಡಿಯಲು ಹೋಗಿ ತಪ್ಪುತ್ತಿದ್ದ. ಮಗಳು, “ಅವನಿಗೆ ಸೋಮಾರಿತನ” ಎಂದು ನಕ್ಕಳು. ನಾನೂ ನಕ್ಕೆ.

ಸರೀಸೃಪಗಳನ್ನು ನೋಡುವ ಪಶುವೈದ್ಯೆಯ ಬಳಿಗೆ ಒಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆ: “ಟ್ಯೂಬ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ?”

ನಾವು ಬದಲಾಯಿಸಿಯೇ ಇರಲಿಲ್ಲ. ಆ ಟ್ಯೂಬ್ ಬರೀ ಬೆಳಕಿಗಾಗಿ ಇರುವುದಲ್ಲ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣವನ್ನು ಅದು ಕೊಡುತ್ತದೆ. ಆ ಕಿರಣ ಚರ್ಮಕ್ಕೆ ಬಿದ್ದರೆ ಹಲ್ಲಿಯ ದೇಹದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ. ವಿಟಮಿನ್ ಡಿ ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಟ್ಯೂಬ್ ಹಳತಾದಂತೆ ಬೆಳಕು ಹಾಗೆಯೇ ಇರುತ್ತದೆ, ಕಿರಣ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಸಿಗದ ದೇಹ ತನ್ನ ಮೂಳೆಯಿಂದಲೇ ಅದನ್ನು ಕಡ ತೆಗೆಯುತ್ತದೆ. ಮೂಳೆ ಮೆತ್ತಗಾಗಿ ಬಾಗುತ್ತದೆ. ಮನೆಗಳಲ್ಲಿ ಸಾಕುವ ಹಲ್ಲಿಗಳಿಗೆ ಬರುವ ಕಾಯಿಲೆಗಳಲ್ಲಿ ಇದು ಬಹಳ ಸಾಮಾನ್ಯವಾದದ್ದು. ಮತ್ತು ಇದು ಪೂರ್ತಿಯಾಗಿ ಸಾಕುವವರ ಅಜಾಗ್ರತೆಯಿಂದ ಬರುವಂಥದ್ದು.

ಔಷಧ, ಹೊಸ ಟ್ಯೂಬ್, ಕ್ಯಾಲ್ಸಿಯಂ ಪುಡಿ, ಹಲವು ವಾರಗಳ ಆರೈಕೆ. ಬಾದ್‌ಷಾ ಬದುಕಿದ. ಆದರೆ ಅವನ ಹಿಂಗಾಲು ಒಂದು ಕಡೆಗೆ ಬಾಗಿದ್ದು ಹಾಗೆಯೇ ಉಳಿಯಿತು. ಬೆಕ್ಕನ್ನು ಕಟ್ಟಿಹಾಕಿ ಅನ್ನ ನೀರು ಕೊಡದೆ ಕೊಂದ ಹೆಂಗಸಿನ ಬಗ್ಗೆ ಹದೀಸಿನಲ್ಲಿ ಬರುವ ವಿಷಯವನ್ನು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ನಾನು ಅನ್ನ ನೀರು ಕೊಟ್ಟಿದ್ದೆ, ಬಿಸಿಲು ಕೊಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಜೀವಕ್ಕೆ ಬಿಸಿಲನ್ನು ನಾವೇ ಕೊಡಬೇಕು. ಆ ಬಾಗಿದ ಕಾಲನ್ನು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತಿತ್ತು.

ಕೊಂಡೊಯ್ಯಲಾಗದ ಸಾಮಾನು

2023ರಲ್ಲಿ ಇವರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಮಕ್ಕಳು ಕುಣಿದರು. “ಬಾದ್‌ಷಾ ಅವನ ಸ್ವಂತ ಊರಿಗೆ ಹೋಗುತ್ತಾನೆ” ಎಂದು ಮಗ ಶಾಲೆಯಲ್ಲೆಲ್ಲ ಹೇಳಿಬಂದ. ನಾನೂ ಹಾಗೆಯೇ ಎಣಿಸಿದ್ದೆ. ಆಸ್ಟ್ರೇಲಿಯಾದ ಹಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಲು ಅಡ್ಡಿಯೇನು?

ಅಡ್ಡಿ ಇತ್ತು. ಹೊರದೇಶದಿಂದ ನಾಯಿ, ಬೆಕ್ಕುಗಳನ್ನು ತರಲು ಆಸ್ಟ್ರೇಲಿಯಾ ಬಿಡುತ್ತದೆ, ಅದೂ ಪರೀಕ್ಷೆ, ಚುಚ್ಚುಮದ್ದು, ಪ್ರತ್ಯೇಕ ವಾಸ ಎಂದು ಹತ್ತು ನಿಯಮಗಳೊಂದಿಗೆ. ಸಾಕಿದ ಹಲ್ಲಿ, ಹಾವು, ಆಮೆಗಳಿಗೆ ಬಾಗಿಲೇ ಇಲ್ಲ. ಕಾರಣ ಸರಳವಾಗಿದೆ. ಪರದೇಶದ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಬೆಳೆದ ಹಲ್ಲಿ ಯಾವ ರೋಗಾಣುವನ್ನು ಹೊತ್ತು ತರುತ್ತದೋ ಗೊತ್ತಿಲ್ಲ. ಕಾಡಿನಲ್ಲಿರುವ ಅದರ ಸ್ವಂತ ಬಂಧುಗಳಿಗೇ ಅದರಿಂದ ಅಪಾಯ. ತವರಿಗೆ ಹೊರಟ ಮಗಳಿಗೆ ತವರೇ ಬಾಗಿಲು ಹಾಕಿದಂತೆ.

ಕದ್ದು ಸಾಗಿಸುವವರೂ ಇದ್ದಾರೆ. ಅದರ ಫಲ ಏನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆಗಸ್ಟ್ 2023ರಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಿಂದ ಕಸ್ಟಮ್ಸ್ ಅಧಿಕಾರಿಗಳು 234 ಪ್ರಾಣಿಗಳನ್ನು ಹೊರತೆಗೆದರು. ಹೆಬ್ಬಾವು, ಇಗುವಾನಾ, ಆಮೆ, ಮೊಸಳೆ ಜಾತಿಯ ಮರಿಗಳು. ಅವುಗಳ ನಡುವೆ ಒಂದು ಕಾಂಗರೂ ಮರಿ ಸತ್ತು ಬಿದ್ದಿತ್ತು. ಆಸ್ಟ್ರೇಲಿಯಾದಲ್ಲಿ ವನ್ಯಜೀವಿಗಳ ಕಳ್ಳಸಾಗಣೆಗೆ ಹತ್ತು ವರ್ಷಗಳವರೆಗೆ ಜೈಲು ಶಿಕ್ಷೆ ಇದೆ.

ಇನ್ನು ಉಳಿದದ್ದು ಎರಡು ದಾರಿ. ಒಬ್ಬ ಪರಿಚಿತರು, “ಪಾರ್ಕಿನಲ್ಲಿ ಬಿಟ್ಟುಬಿಡಿ, ಪ್ರಾಣಿ ತಾನೇ” ಎಂದರು. ಇಂಗ್ಲೆಂಡಿನ ಚಳಿಯಲ್ಲಿ ಮರುಭೂಮಿಯ ಹಲ್ಲಿಯನ್ನು ಹೊರಗೆ ಬಿಡುವುದೆಂದರೆ ಕೊಂದಂತೆ. ಬೆಚ್ಚಗಿನ ನಾಡಿನಲ್ಲಿ ಬಿಟ್ಟರೆ ಇನ್ನೊಂದು ತೊಂದರೆ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರ ಕೈಯಿಂದ ಹೊರಬಿದ್ದ ಹಸಿರು ಇಗುವಾನಾಗಳು ಹೆಚ್ಚಿ, ಇಂದು ಆ ರಾಜ್ಯಕ್ಕೇ ಪಿಡುಗಾಗಿವೆ.

ನಾವು ಎರಡನೆಯ ದಾರಿ ಹಿಡಿದೆವು, ಒಳ್ಳೆಯ ಮನೆ ಹುಡುಕುವುದು. ಬೀದಿಯ ಕೊನೆಯಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಹಿಂದೆ ಇಂಥ ಹಲ್ಲಿಯನ್ನು ಸಾಕಿದ್ದವರು. ಮಗ ನಾಲ್ಕು ಪುಟಗಳ ಟಿಪ್ಪಣಿ ಬರೆದ. ಯಾವ ಸೊಪ್ಪು ಇಷ್ಟ, ಯಾವ ಕಾಲು ನೋಯುತ್ತದೆ, ಟ್ಯೂಬ್ ಯಾವ ತಿಂಗಳಲ್ಲಿ ಬದಲಾಯಿಸಬೇಕು. ಪೆಟ್ಟಿಗೆಯನ್ನು ಅವರ ಮನೆಯಲ್ಲಿ ಇಟ್ಟು ಬರುವಾಗ ಅವನು ಅಳಲಿಲ್ಲ. ಮಗಳು ಮಾತ್ರ ವಿಮಾನ ಹತ್ತುವವರೆಗೂ ನನ್ನೊಡನೆ ಮಾತಾಡಲಿಲ್ಲ.

ತವರಿನಲ್ಲೂ ಪರವಾನಗಿ

ಮೆಲ್ಬರ್ನ್‌ಗೆ ಬಂದು ಕೆಲವು ತಿಂಗಳು ಹಲ್ಲಿಯ ಸುದ್ದಿ ಯಾರೂ ಎತ್ತಲಿಲ್ಲ. ಒಂದು ದಿನ ಮೃಗಾಲಯದಲ್ಲಿ ಗಡ್ಡದ ಡ್ರ್ಯಾಗನ್ ಕಂಡಾಗ ಮಗಳು ಗಾಜಿಗೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಮನೆಗೆ ಬಂದು ಮೆಲ್ಲಗೆ ಕೇಳಿದಳು: “ನಾವು ಮತ್ತೆ ಸಾಕಬಹುದಾ?”

ಈ ಸಲ ನಾನು ಕೂಡಲೇ ಹೂಂ ಅನ್ನಲಿಲ್ಲ. ಮೊದಲು ತಿಳಿದುಕೊಳ್ಳೋಣ ಎಂದೆ.

ತಿಳಿದದ್ದು ಆಶ್ಚರ್ಯವಾಗಿತ್ತು. ಇಂಗ್ಲೆಂಡಿನಲ್ಲಿ ಪರವಾನಗಿ ಇಲ್ಲದೆ ಸಾಕಬಹುದಾಗಿದ್ದ ಹಲ್ಲಿಗೆ ಅದರ ಸ್ವಂತ ನಾಡಿನಲ್ಲಿ ಪರವಾನಗಿ ಬೇಕು. ಇಲ್ಲಿ ಅದು ವನ್ಯಜೀವಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಖಾಸಗಿ ವನ್ಯಜೀವಿ ಪರವಾನಗಿ ತೆಗೆದುಕೊಳ್ಳಬೇಕು. ಮೊದಲು ಪರವಾನಗಿ, ಆಮೇಲೆ ಹಲ್ಲಿ. ಪರವಾನಗಿ ಉಳ್ಳವರಿಂದಲೇ ಪಡೆಯಬೇಕು, ಕಾಡಿನಿಂದ ಹಿಡಿದು ತರುವುದು ಅಪರಾಧ. ಎಲ್ಲಿಂದ ಬಂತು, ಯಾರಿಗೆ ಕೊಟ್ಟಿರಿ, ಸತ್ತಿತೇ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ರಾಜ್ಯಕ್ಕೂ ಅದರದೇ ನಿಯಮ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಾಯಿಸುವವರು ಹಲ್ಲಿಯನ್ನು ಒಯ್ಯಲು ಬೇರೆ ಅನುಮತಿ ಕೇಳಬೇಕು.

ನಮ್ಮದು ಬಾಡಿಗೆ ಮನೆ. 2020ರಿಂದ ವಿಕ್ಟೋರಿಯಾದಲ್ಲಿ ಬಾಡಿಗೆದಾರರು ಸಾಕುಪ್ರಾಣಿಗೆ ಲಿಖಿತವಾಗಿ ಒಪ್ಪಿಗೆ ಕೇಳಬೇಕೆಂದೂ ಮನೆಯೊಡೆಯರು ಸಕಾರಣವಿಲ್ಲದೆ ನಿರಾಕರಿಸಬಾರದೆಂದೂ ನಿಯಮವಿದೆ. ಕೇಳಿದೆವು. “ಬೊಗಳುವುದಿಲ್ಲ ತಾನೇ?” ಎಂದಷ್ಟೇ ಕೇಳಿ ಅವರು ಒಪ್ಪಿದರು.

ಪರವಾನಗಿಯನ್ನು ನನ್ನ ಹೆಸರಿನಲ್ಲಿ ಪಡೆದೆ. ಆ ದೇಶದಲ್ಲಿ ಕಾರು ಓಡಿಸುವ ಲೈಸೆನ್ಸ್‌ಗಿಂತ ಮೊದಲು ನನಗೆ ಸಿಕ್ಕಿದ್ದು ಹಲ್ಲಿ ಸಾಕುವ ಲೈಸೆನ್ಸ್! ಇವರು ಇಂದಿಗೂ ಅದನ್ನು ಹೇಳಿ ನಗುತ್ತಾರೆ. ಆದರೆ ಆ ಕಾಗದದಲ್ಲಿ ನನ್ನ ಹೆಸರು ನೋಡಿದಾಗ ಇಂಗ್ಲೆಂಡಿನಲ್ಲಿ ಅರ್ಥವಾಗದ ವಿಷಯ ಅರ್ಥವಾಯಿತು. ಮಕ್ಕಳ ಪ್ರಾಣಿ ಎಂಬುದೊಂದು ಇಲ್ಲ. ಅದು ಮನೆಯ ಹಿರಿಯರದು. ಮಕ್ಕಳು ಪ್ರೀತಿಸಬಹುದು, ಕೈಜೋಡಿಸಬಹುದು, ಹೊಣೆ ನಮ್ಮದು.

ಮೊದಲು ಮನೆ, ಆಮೇಲೆ ಅತಿಥಿ

ಮೊದಲ ಸಲ ಹಲ್ಲಿ ಬಂದ ಮೇಲೆ ನಾವು ಕಲಿತೆವು. ಎರಡನೆಯ ಸಲ ಪೆಟ್ಟಿಗೆಯನ್ನು ಸಿದ್ಧಮಾಡಿ, ಒಂದು ವಾರ ಖಾಲಿ ಓಡಿಸಿ, ಶಾಖ ಅಳೆದು ನೋಡಿದ ಮೇಲೆ ಹಲ್ಲಿಯನ್ನು ತಂದೆವು. ಮತ್ತೆ ಪ್ರಾರಂಭಿಸುವವರಿಗೆ ನಾನು ಹೇಳುವ ಮೊದಲ ಮಾತು ಇದು. ಹಲ್ಲಿಯ ಬೆಲೆಗಿಂತ ಅದರ ಮನೆಯ ಬೆಲೆ ಹೆಚ್ಚು. ಅದನ್ನು ಮೊದಲೇ ಲೆಕ್ಕ ಹಾಕಿ.

ಬೆಳೆದ ಹಲ್ಲಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯಾದರೂ ಬೇಕು. ಒಂದು ಪೆಟ್ಟಿಗೆಯಲ್ಲಿ ಒಂದೇ ಹಲ್ಲಿ. ಒಂಟಿಯಾಗಿದೆ ಎಂದು ಜೊತೆ ತಂದರೆ ಎರಡೂ ಕಚ್ಚಾಡುತ್ತವೆ.

ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಬಿಸಿಲು ಕಾಯುವ ಕಲ್ಲಿನ ಮೇಲೆ 40 ಡಿಗ್ರಿ ಆಸುಪಾಸು, ತಂಪಿನ ಕಡೆ 25ರ ಸುತ್ತ. ಹಲ್ಲಿಯ ದೇಹ ನಮ್ಮ ಹಾಗೆ ತಾನೇ ಶಾಖ ಉತ್ಪಾದಿಸುವುದಿಲ್ಲ. ಬಿಸಿ ಬೇಕಾದಾಗ ಇತ್ತ, ಸಾಕಾದಾಗ ಅತ್ತ ನಡೆಯುತ್ತದೆ. ಶಾಖ ಸಾಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ಎರಡೂ ತುದಿಗೆ ಥರ್ಮಾಮೀಟರ್ ಇಡಿ. ಶಾಖದ ದೀಪಕ್ಕೆ ಥರ್ಮೋಸ್ಟಾಟ್ ಜೋಡಿಸಿ. ಒಳಗಿನಿಂದ ಬಿಸಿಯಾಗುವ ವಿದ್ಯುತ್ ಕಲ್ಲನ್ನು ಇಡಬೇಡಿ, ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳಿವೆ.

ಶಾಖಕ್ಕೂ ಈ ಜೀವಿಗೂ ಇರುವ ನಂಟು ಮೊಟ್ಟೆಯಿಂದಲೇ ಶುರುವಾಗುತ್ತದೆ. ಮೊಟ್ಟೆಗೆ 32 ಡಿಗ್ರಿಗಿಂತ ಹೆಚ್ಚು ಶಾಖ ಸಿಕ್ಕಿದರೆ ವರ್ಣತಂತುವಿನ ಪ್ರಕಾರ ಗಂಡಾಗಬೇಕಾದ ಮರಿ ಹೆಣ್ಣಾಗಿ ಹೊರಬರುತ್ತದೆ. 2007ರಲ್ಲಿ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡ ಈ ವಿಷಯ ಕಾಡಿನಲ್ಲೂ ನಡೆಯುತ್ತಿದೆ ಎಂದು 2015ರಲ್ಲಿ ತಿಳಿದುಬಂತು. ಸೃಷ್ಟಿಕರ್ತನ ಕುಶಲತೆಗೆ ಎಣೆಯುಂಟೇ!

ಯುವಿಬಿ ಟ್ಯೂಬನ್ನು ತಯಾರಕರು ಹೇಳಿದ ಅವಧಿಗೆ, ಅಂದರೆ ಆರು ತಿಂಗಳಿಂದ ಒಂದು ವರ್ಷದೊಳಗೆ, ಉರಿಯುತ್ತಿದ್ದರೂ ಬದಲಾಯಿಸಬೇಕು. ನಮ್ಮ ಪೆಟ್ಟಿಗೆಯ ಮೇಲೆ ಈಗ ತಾರೀಕು ಬರೆದ ಚೀಟಿ ಅಂಟಿಸಿದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಟ್ಯೂಬಿಗೆ ಬದಲಿಯಲ್ಲ, ಏಕೆಂದರೆ ಗಾಜು ಆ ಕಿರಣವನ್ನು ತಡೆಯುತ್ತದೆ. ಅದೂ ಅಲ್ಲದೆ, ಗಾಜಿನ ಪೆಟ್ಟಿಗೆಯನ್ನು ನೇರ ಬಿಸಿಲಿನಲ್ಲಿಟ್ಟರೆ ಒಳಗಿನ ಜೀವ ಬೆಂದುಹೋಗುತ್ತದೆ. ಮೆಲ್ಬರ್ನ್‌ನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಿವೆ. ಅಂಥ ದಿನ ನಾನು ದೀಪ ಆರಿಸಿ ಫ್ಯಾನ್ ಹಾಕುತ್ತೇನೆ.

ದೇಶ ಬದಲಾಯಿಸುವವರಿಗೆ ಇನ್ನೊಂದು ಸಣ್ಣ ಮಾತು. ಹಳೆಯ ದೀಪ, ಥರ್ಮೋಸ್ಟಾಟ್‌ಗಳನ್ನು ಕೊಂಡೊಯ್ಯುವ ಮುಂಚೆ ಅಲ್ಲಿಯ ವಿದ್ಯುತ್ ವಿಚಾರಿಸಿ. ಇಂಗ್ಲೆಂಡ್, ಆಸ್ಟ್ರೇಲಿಯಾ, ಭಾರತಗಳಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ, ಪ್ಲಗ್ ಮಾತ್ರ ಬೇರೆ. ಅಮೆರಿಕ, ಕೆನಡಾಗಳಲ್ಲಿ ಅದರ ಅರ್ಧ. ಅಲ್ಲಿಯ ದೀಪವನ್ನು ಇಲ್ಲಿ ಚುಚ್ಚಿದರೆ ಸುಟ್ಟುಹೋಗುತ್ತದೆ.

ಬೇಗಂ ಬಂದಳು

ಮರಿಯನ್ನು ಕೊಳ್ಳುವ ಬದಲು ಮನೆ ಬೇಕಾಗಿರುವ ಹಲ್ಲಿಯನ್ನೇ ತರೋಣ ಎಂದು ಮಗ ಹೇಳಿದ. ಪರವಾನಗಿಯಿದ್ದ ಒಂದು ಕುಟುಂಬದಲ್ಲಿ ಮಗ ಓದಲು ಬೇರೆ ರಾಜ್ಯಕ್ಕೆ ಹೋಗಿದ್ದ, ನೋಡಿಕೊಳ್ಳುವವರಿರಲಿಲ್ಲ. ಒಂದು ವರ್ಷ ದಾಟಿದ ಹೆಣ್ಣು ಹಲ್ಲಿ. ಆ ಮನೆಯ ತಾಯಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡುವಾಗ ಅವರ ಮುಖದಲ್ಲಿ ನನಗೆ ನನ್ನದೇ ಮುಖ ಕಂಡಿತು. ಫೋಟೋ ಕಳುಹಿಸುತ್ತೇನೆ ಎಂದು ಅವರು ಕೇಳುವ ಮುಂಚೆಯೇ ಹೇಳಿದೆ. ಮಕ್ಕಳು ಅವಳಿಗೆ ಬೇಗಂ ಎಂದು ಹೆಸರಿಟ್ಟರು.

ಊಟದ ವಿಷಯ ಹೆಂಗಸರಿಗೆ ಸುಲಭ. ಮರಿಗಳಿಗೆ ಹುಳುಗಳು ಹೆಚ್ಚು, ಬೆಳೆದವಕ್ಕೆ ಸೊಪ್ಪು ತರಕಾರಿ ಹೆಚ್ಚು. ಸಣ್ಣಗೆ ಹೆಚ್ಚಿದ ಕುಂಬಳಕಾಯಿ, ಬೀನ್ಸ್, ಬಾಕ್ ಚಾಯ್. ದಾಸವಾಳದ ಹೂವೆಂದರೆ ಬೇಗಂಗೆ ಪ್ರಾಣ. ಪಾಲಕ್ ಸೊಪ್ಪನ್ನು ದಿನಾ ಕೊಡಬಾರದು, ಅದರಲ್ಲಿರುವ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತದೆ. ಬೆಣ್ಣೆಹಣ್ಣು ವಿಷ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಉಪ್ಪು ಖಾರ ಮುಟ್ಟಿದ್ದು ಏನೂ ಬೇಡ. ಕ್ರಿಕೆಟ್ ಹುಳುಗಳನ್ನು ಅಂಗಡಿಯಿಂದಲೇ ತರಬೇಕು. ತೋಟದ ಹುಳುಗಳಲ್ಲಿ ಕೀಟನಾಶಕ ಇರಬಹುದು. ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಹುಳುವಿನ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಉಳಿದ ಹುಳುಗಳನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಬೇಡಿ, ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ. ಒಂದು ರಾತ್ರಿ ಡಬ್ಬಿಯಿಂದ ತಪ್ಪಿಸಿಕೊಂಡ ಹುಳು ನಮ್ಮ ಫ್ರಿಜ್ಜಿನ ಹಿಂದೆ ಸೇರಿ ಮೂರು ದಿನ ಕಿರ್ ಕಿರ್ ಎಂದು ಎಲ್ಲರ ನಿದ್ದೆ ಕೆಡಿಸಿತು!

ಅಡುಗೆಮನೆಯಿಂದ ದೂರ

ಸರೀಸೃಪಗಳ ಮಲದಲ್ಲಿ, ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಹಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ, ಮನುಷ್ಯರಿಗೆ ವಾಂತಿಭೇದಿ, ಜ್ವರ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಇರುವ ಮನೆಯಲ್ಲಿ ವಿಶೇಷ ಎಚ್ಚರ ಬೇಕು. ಕೈಹಸು ಇರುವ ಮನೆಯಾದರೆ ಕೆಲವು ವರ್ಷ ಕಾಯುವುದೇ ಒಳ್ಳೆಯದು.

ನಮ್ಮ ಮನೆಯ ನಿಯಮಗಳು ಇವು. ಪೆಟ್ಟಿಗೆ ಮಕ್ಕಳ ಓದುವ ಕೋಣೆಯಲ್ಲಿ, ಅಡುಗೆಮನೆಗೂ ನಮಾಝ್ ಮಾಡುವ ಜಾಗಕ್ಕೂ ದೂರ. ಹಲ್ಲಿಯನ್ನು ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯದೆ ಬೇರೇನನ್ನೂ ಮುಟ್ಟುವಂತಿಲ್ಲ. ಮುದ್ದಿಡುವಂತಿಲ್ಲ. ಅದರ ತಟ್ಟೆ ಬಟ್ಟಲುಗಳನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯುವಂತಿಲ್ಲ. ಹಿಕ್ಕೆ ಕಂಡ ಕೂಡಲೇ ತೆಗೆಯಬೇಕು, ಅದು ಮಗನ ಕೆಲಸ. ಇಫ್ತಾರಿಗೆ, ಪೆರ್ನಾಳಿಗೆ ಬರುವ ಅತಿಥಿಗಳಲ್ಲಿ ಹೆದರುವವರಿದ್ದರೆ ಆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ನಮಗೆ ಪ್ರೀತಿ ಎಂದು ಬಂದವರ ಮಡಿಲಲ್ಲಿ ಹಲ್ಲಿಯನ್ನು ಇಡಬಾರದಲ್ಲ!

ಅದು ಸಲಾಂ ಅಲ್ಲ

ಬೇಗಂ ಬಂದ ಮೊದಲ ವಾರ ನಾವು ಯಾರೇ ಹತ್ತಿರ ಹೋದರೂ ಒಂದು ಮುಂಗೈಯನ್ನು ಎತ್ತಿ ನಿಧಾನವಾಗಿ ಸುತ್ತು ತಿರುಗಿಸಿ ಇಳಿಸುತ್ತಿದ್ದಳು. “ಸಲಾಂ ಹೇಳುತ್ತಿದ್ದಾಳೆ” ಎಂದು ಮಗಳಿಗೆ ಖುಷಿಯೋ ಖುಷಿ. ಅವಳೂ ಕೈಯೆತ್ತಿ ಸಲಾಂ ಹೇಳುತ್ತಿದ್ದಳು. ಮಗ ಮಾತ್ರ ಸುಮ್ಮನಿದ್ದ. ಆಮೇಲೆ ನನ್ನ ಬಳಿ ಬಂದು ಹೇಳಿದ: “ಉಮ್ಮಾ, ಅದು ಸಲಾಂ ಅಲ್ಲ. ನಾನು ಸಣ್ಣವಳು, ನನಗೆ ಏನೂ ಮಾಡಬೇಡಿ ಎಂದು ಹೇಳುವುದು ಹಾಗೆ.”

ಹೊಸ ಮನೆ, ಹೊಸ ವಾಸನೆ, ಹೊಸ ಮುಖಗಳು. ಹೊಸ ದೇಶದಲ್ಲಿ ಮೊದಲ ದಿನ ಶಾಲೆಯ ಗೇಟಿನಲ್ಲಿ ನನ್ನ ಮಗಳೂ ಎಲ್ಲರನ್ನೂ ನೋಡಿ ಹೀಗೆಯೇ ನಗುತ್ತಾ ನಿಂತಿದ್ದಳು.

ಹೊಸದಾಗಿ ಬಂದ ಹಲ್ಲಿಯನ್ನು ಒಂದೆರಡು ವಾರ ಎತ್ತಿಕೊಳ್ಳದೆ ಬಿಡಬೇಕು. ಊಟ ಇಟ್ಟು ದೂರ ಕುಳಿತುಕೊಳ್ಳಬೇಕು. ಮಕ್ಕಳಿಗೆ ಇದು ಕಷ್ಟದ ಪಾಠ, ಆದರೆ ಒಳ್ಳೆಯ ಪಾಠ. ಎತ್ತುವಾಗ ಮೇಲಿನಿಂದ ಹಿಡಿಯಬಾರದು, ಹದ್ದು ಎರಗಿದಂತೆ ಅದಕ್ಕೆ ಭಯ. ಪಕ್ಕದಿಂದ ಕೈ ತಂದು ಹೊಟ್ಟೆಯ ಕೆಳಗೆ ಆಸರೆ ಕೊಡಬೇಕು. ಬಾಲ ಹಿಡಿದು ಎಳೆಯಲೇಬಾರದು. ನಮ್ಮ ಮನೆ ಹಲ್ಲಿಯ ಹಾಗೆ ಕಳೆದುಕೊಂಡ ಬಾಲ ಇದಕ್ಕೆ ಮತ್ತೆ ಬೆಳೆಯುವುದಿಲ್ಲ.

ನಾಲ್ಕನೆಯ ವಾರ ಮಗಳು ಓಡಿ ಬಂದಳು. “ಉಮ್ಮಾ, ಬೇಗಂ ಕೈಯೆತ್ತಲಿಲ್ಲ! ಸುಮ್ಮನೆ ನನ್ನನ್ನೇ ನೋಡಿದಳು.” ಆ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದೆ.

ಊರಿನಲ್ಲಿ ಮಳೆಗಾಲವಾದ ಜೂನ್, ಜುಲೈ ಇಲ್ಲಿ ಚಳಿಗಾಲ. ಆಗ ಬೇಗಂ ಊಟ ಬಿಟ್ಟು ಮರದ ತುಂಡಿನ ಕೆಳಗೆ ಮಲಗಿದಳು. ನನ್ನ ಎದೆ ಧಸಕ್ಕೆಂದಿತು. ವೈದ್ಯರು ನೋಡಿ, ಇದು ಚಳಿಗಾಲದ ನಿದ್ದೆ, ಬೆಳೆದ ಹಲ್ಲಿಗಳಲ್ಲಿ ಸಹಜ ಎಂದರು. ಆದರೆ ಊಟ ಬಿಟ್ಟದ್ದೆಲ್ಲ ನಿದ್ದೆಯಲ್ಲ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಬೇಕು, ತೂಕ ಇಳಿಯುತ್ತಾ ಹೋದರೆ ವೈದ್ಯರ ಬಳಿಗೆ ಹೋಗಬೇಕು. ಹಲ್ಲಿ ತರುವ ಮೊದಲೇ ಸರೀಸೃಪ ನೋಡುವ ವೈದ್ಯರು ಊರಿನಲ್ಲಿ ಎಲ್ಲಿದ್ದಾರೆ ಎಂದು ವಿಚಾರಿಸಿಡಿ. ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರಿಗೂ ಹಲ್ಲಿಯ ಅನುಭವವಿರುವುದಿಲ್ಲ.

ಮತ್ತೆ ಹೊರಡುವ ದಿನ ಬಂದರೆ

ಚೆನ್ನಾಗಿ ನೋಡಿಕೊಂಡರೆ ಗಡ್ಡದ ಡ್ರ್ಯಾಗನ್ ಹತ್ತು ವರ್ಷ, ಕೆಲವು ಹದಿನೈದರ ಹತ್ತಿರ ಬದುಕುತ್ತವೆ. ನಮ್ಮಂಥವರ ವೀಸಾ ಎರಡು ವರ್ಷದ್ದು, ನಾಲ್ಕು ವರ್ಷದ್ದು. ಗಲ್ಫಿನಲ್ಲಿರುವ ನನ್ನ ತಂಗಿಯರದೂ ಇದೇ ಕಥೆ. ಕಂಪೆನಿ ಒಂದು ಪತ್ರ ಕೊಟ್ಟರೆ ಮೂವತ್ತು ದಿನಗಳಲ್ಲಿ ಮನೆ ಖಾಲಿ ಮಾಡಬೇಕು. ಆಗ ಗಿಳಿ, ಬೆಕ್ಕು, ಮೀನು, ಆಮೆ ಎಲ್ಲವೂ ಒಮ್ಮೆಲೇ ಭಾರವಾಗುತ್ತವೆ. ಹೊರಡುವ ವಾರದಲ್ಲಿ ಹುಡುಕಿದರೆ ಒಳ್ಳೆಯ ಮನೆ ಸಿಗುವುದಿಲ್ಲ, ಸಿಕ್ಕಿದ ಮನೆಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಹೊಸ ಊರಿನಲ್ಲಿ ಮತ್ತೆ ಸಾಕಲು ಹೊರಟಿರುವ ಸಹೋದರಿಯರು ಪ್ರಾಣಿಯನ್ನು ತರುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲಿ. ನಾವು ಹೊರಟರೆ ಇದು ಯಾರ ಮನೆಗೆ? ಉತ್ತರ ಇಲ್ಲದಿದ್ದರೆ ಸಾಕದಿರುವುದೇ ಆ ಜೀವಕ್ಕೆ ತೋರಿಸುವ ದಯೆ. ಮಕ್ಕಳು ಅಳುತ್ತಾರೆ, ಸ್ವಲ್ಪ ದಿನ. ಮೃಗಾಲಯಕ್ಕೆ ಕರೆದುಕೊಂಡು ಹೋಗಿ, ಬೇಲಿಯ ಓತಿಕ್ಯಾತವನ್ನು ಕಲ್ಲೆಸೆಯದೆ ನೋಡಲು ಕಲಿಸಿ. ಅದೂ ಪ್ರೀತಿಯೇ.

ನಮ್ಮ ಬೇಗಂಳ ಪೆಟ್ಟಿಗೆಯ ಪಕ್ಕದಲ್ಲಿ ಈಗ ಎರಡು ಚೀಟಿಗಳಿವೆ. ಒಂದರಲ್ಲಿ ಟ್ಯೂಬ್ ಬದಲಾಯಿಸಿದ ತಾರೀಕು. ಇನ್ನೊಂದರಲ್ಲಿ, ಪರವಾನಗಿ ಇರುವ, ನಾವು ಹೊರಡಬೇಕಾಗಿ ಬಂದರೆ ಬೇಗಂಳನ್ನು ತೆಗೆದುಕೊಳ್ಳಲು ಒಪ್ಪಿರುವ ಪಕ್ಕದ ಬೀದಿಯ ಗೆಳತಿಯ ಫೋನ್ ನಂಬರ್. ಮಗಳೇ ತನ್ನ ಗುಂಡಗಿನ ಅಕ್ಷರದಲ್ಲಿ ಬರೆದದ್ದು. ಬರೆಯುವಾಗ ಅವಳ 얼굴 ಬಾಡಿತ್ತು, ಆದರೆ ಬರೆದಳು.

ಕಳೆದ ಪೆರ್ನಾಳಿನ ದಿನ ಇಂಗ್ಲೆಂಡಿನಿಂದ ಒಂದು ಫೋಟೋ ಬಂತು. ಬಾದ್‌ಷಾ ತನ್ನ ಕಲ್ಲಿನ ಮೇಲೆ ತಲೆಯೆತ್ತಿ ಕುಳಿತಿದ್ದ. ಬಾಗಿದ ಕಾಲು ಪಕ್ಕಕ್ಕೆ ಚಾಚಿತ್ತು. ಮೇಲೆ ಹೊಸ ಟ್ಯೂಬ್ ಬೆಳಗುತ್ತಿತ್ತು. ಮಗ ಆ ಫೋಟೋವನ್ನು ಹಿಗ್ಗಿಸಿ ಮೊದಲು ನೋಡಿದ್ದು ಆ ಟ್ಯೂಬನ್ನೇ.